ಹಲ್ಲು ಮುರಿದ ಲಾರಿಗೆ ಪೀಣ್ಯದ ಮದ್ದು

ಹಳೆಯ ಲಾರಿಯ ಎಂಜಿನ್ ಕೈಕೊಟ್ಟರೆ ಮಾಲೀಕ ಅಷ್ಟೇನೂ ಕಂಗಾಲಾಗುವುದಿಲ್ಲ. ಬೇರೆ ಎಂಜಿನ್ ಕೂರಿಸಿದರಾಯಿತು. 1950ರ ದಶಕದಿಂದಲೂ ನಮ್ಮ ರಸ್ತೆಗಳಲ್ಲಿ ನಡೆದುಬಂದದ್ದು ಅದೇ. ಪೆಟ್ರೋಲ್ ಕುಡಿಯುತ್ತಿದ್ದ ಷೆವರ್ಲೆ, ಫೋರ್ಡ್, ಡಾಜ್ ಲಾರಿಗಳ ಮೂಲ ಎಂಜಿನ್ ಕಿತ್ತು, ಮದರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಡೀಸೆಲ್ ಎಂಜಿನ್ ಇಟ್ಟು ಓಡಿಸಿದವರು ಎಷ್ಟೋ ಮಂದಿ. ಹೊರಗೆ ಅಮೆರಿಕದ ಮುಖ, ಒಳಗೆ ಇಂಗ್ಲೆಂಡಿನ ಗುಂಡಿಗೆ, ಮೇಲೆ ನಮ್ಮ ಊರಿನ ಬಡಗಿ ಕಟ್ಟಿದ ಮರದ ಬಾಡಿ. ಯಾರೂ ಅದನ್ನು ವಿಚಿತ್ರವೆಂದು ಎಣಿಸಲಿಲ್ಲ.

ಆದರೆ ಘಾಟಿ ಹತ್ತುವಾಗ ಹಿಂದಿನ ಗಾಲಿಗಳ ನಡುವಿನ ಉರುಟು ಡಬ್ಬಿಯೊಳಗೆ ‘ಕಟ್’ ಎಂದು ಸದ್ದಾಗಿ, ಎಂಜಿನ್ ಓಡುತ್ತಿದ್ದರೂ ಗಾಡಿ ನಿಂತಲ್ಲೇ ನಿಂತುಬಿಟ್ಟರೆ ಕಥೆ ಬೇರೆ. ಒಳಗೆ ಹಲ್ಲು ಮುರಿದಿದೆ. ಆ ಹಲ್ಲಿನ ಚಕ್ರವನ್ನು ಮಾಡಿದ ಕಾರ್ಖಾನೆ ಮುಚ್ಚಿ ಅರ್ಧ ಶತಮಾನ ಕಳೆದಿದ್ದರೆ ಏನು ಮಾಡುವುದು? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಬಹುಕಾಲದಿಂದ ಸಿಗುತ್ತ ಬಂದ ಉತ್ತರ ತುಮಕೂರು ರಸ್ತೆಯ ಪೀಣ್ಯದಲ್ಲಿದೆ. ಅದು ಅಲ್ಲಿಗೆ ಹೇಗೆ ಬಂತೆಂಬುದು ಸ್ವಲ್ಪ ದೂರದಿಂದ ಹೇಳಬೇಕಾದ ಕಥೆ.

ಎಂಜಿನ್‌ನ ಶಕ್ತಿ ಹಿಂದಿನ ಗಾಲಿಯನ್ನು ಮುಟ್ಟುವ ಹಾದಿಯಲ್ಲಿ ನಾಲ್ಕು ಮುಖ್ಯ ನಿಲ್ದಾಣಗಳು. ಮೊದಲು ಕ್ಲಚ್, ಆಮೇಲೆ ಗೇರ್ ಬಾಕ್ಸ್, ಅಲ್ಲಿಂದ ಷಾಸಿಯ ಅಡಿಯಲ್ಲಿ ಹಾದುಹೋಗುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಡಿಫ್ರೆನ್ಷಿಯಲ್. ಇವುಗಳಲ್ಲಿ ಕ್ಲಚ್ ಅಂಥ ತಲೆನೋವಲ್ಲ. ಸವೆದ ಪ್ಲೇಟಿಗೆ ಹೊಸ ಲೈನಿಂಗ್ ಇಟ್ಟು ರಿವೆಟ್ ಹೊಡೆದರೆ ಮತ್ತೆ ಓಡುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬಹುದು. ಬೇರಿಂಗ್‌ಗಳಂತೂ ಇನ್ನೂ ಸುಲಭ. ಅವುಗಳ ಅಳತೆ ಜಗತ್ತಿಗೆಲ್ಲ ಒಂದೇ ಪಟ್ಟಿಯ ಪ್ರಕಾರ ನಡೆಯುವುದರಿಂದ, ಅಂಚಿನ ಮೇಲೆ ಕೊರೆದ ನಂಬರ್ ಓದಲು ಬಂದರೆ ಎಪ್ಪತ್ತು ವರ್ಷದ ಗಾಡಿಗೂ ಹೊಸ ಬೇರಿಂಗ್ ದೊರಕುವ ಸಂಭವ ಹೆಚ್ಚು. ತೊಡಕೆಲ್ಲ ಇರುವುದು ಗೇರ್ ಬಾಕ್ಸ್ ಮತ್ತು ಡಿಫ್ರೆನ್ಷಿಯಲ್‌ಗಳ ಹಲ್ಲುಗಳಲ್ಲಿ. ಒಂದು ಗೇರಿನ ಹಲ್ಲು ತನ್ನ ಜೋಡಿಯ ಹಲ್ಲಿಗೆ ಮಾತ್ರ ಒಗ್ಗುತ್ತದೆ. ಪಕ್ಕದ ಗಾಡಿಯದ್ದನ್ನು ತಂದು ತೊಡಿಸಿದರೆ ಎರಡೂ ಹಾಳು.

ಅದರ ಮೇಲೆ ಹಳೆಯ ಲಾರಿಗಳ ಗೇರ್ ಬಾಕ್ಸಿನ ಸ್ವಭಾವವೇ ಒರಟು. ಈಗಿನ ವಾಹನಗಳಲ್ಲಿ ಗೇರ್ ಬದಲಿಸುವಾಗ ಎರಡು ಚಕ್ರಗಳ ವೇಗವನ್ನು ಸರಿತೂಗಿಸಿ ಕೂಡಿಸುವ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ಇರುತ್ತದೆ. ಆಗಿನ ಬಹಳಷ್ಟು ಲಾರಿಗಳಲ್ಲಿ ಅದಿರಲಿಲ್ಲ. ಡ್ರೈವರ್ ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ಇದಕ್ಕೆ ‘ಡಬಲ್ ಕ್ಲಚ್’ ಎನ್ನುತ್ತಿದ್ದರು. ಕಿವಿಯಿಂದಲೇ ವೇಗ ತಿಳಿಯಬಲ್ಲ ಡ್ರೈವರ್ ಕೈಯಲ್ಲಿ ಗೇರ್ ಬೆಣ್ಣೆಯಂತೆ ಕೂರುತ್ತಿತ್ತು. ಕಲಿಕೆಯವನ ಕೈಯಲ್ಲಿ ಗರಗರ ಸದ್ದು. ಪ್ರತಿ ಗರಗರಕ್ಕೂ ಹಲ್ಲಿನ ತುದಿಯಿಂದ ಉಕ್ಕಿನ ಒಂದು ಚೂರು ಎದ್ದು ಎಣ್ಣೆಯ ತಳ ಸೇರುತ್ತಿತ್ತು. ಸೊಂಡೂರಿನ ಅದಿರು, ಮಲೆನಾಡಿನ ನಾಟಾ, ಕೊಡಗಿನ ಕಾಫಿ ಹೊತ್ತ ಗಾಡಿಗಳು ಮಿತಿಮೀರಿದ ಭಾರದೊಂದಿಗೆ ಏರು ಹತ್ತುವಾಗ ಉಳಿದ ಕೆಲಸ ತಾನೇ ಆಗುತ್ತಿತ್ತು.

ತಬ್ಬಲಿ ಗಾಡಿಗಳು

ಬಿಡಿಭಾಗದ ಬರ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು. ಅದಕ್ಕೂ ಮೊದಲೇ ಫೋರ್ಡ್ ಬಂದಿತ್ತು. ಪೆಟ್ಟಿಗೆಗಳಲ್ಲಿ ಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿ ಮಾರುವುದು ಅವರ ವ್ಯವಹಾರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ವಾಹನಗಳು ಹರಾಜಾದವು. ‘ಡಿಸ್ಪೋಸಲ್ ಲಾರಿ’ ಎಂಬ ಮಾತು ಹುಟ್ಟಿದ್ದೇ ಆಗ. ಕೈಗೆಟುಕುವ ಬೆಲೆಗೆ ಗಟ್ಟಿ ಗಾಡಿ ಸಿಕ್ಕಿತೆಂದು ಕೊಂಡವರಿಗೆ ಅದರ ಬಿಡಿಭಾಗ ಎಲ್ಲಿಂದ ಬರಬೇಕೆಂಬ ಚಿಂತೆ ಆಮೇಲೆ ಶುರುವಾಯಿತು.

1953ರಲ್ಲಿ ಕೇಂದ್ರ ಸರ್ಕಾರ ಸುಂಕ ಆಯೋಗದ ಶಿಫಾರಸನ್ನು ಒಪ್ಪಿ, ವಾಹನಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಉಳಿಯಬಹುದು, ಬರೀ ಜೋಡಣೆ ಮಾಡುವವರು ಹೊರಡಬೇಕು ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ದೇಶೀ ಕೈಗಾರಿಕೆಯ ದೃಷ್ಟಿಯಿಂದ ಅದು ದಿಟ್ಟ ಹೆಜ್ಜೆಯೇ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ 1954ರಲ್ಲಿ ಲಾರಿ ತಯಾರಿಕೆಗೆ ಇಳಿಯಿತು. ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಆದರೆ ರಸ್ತೆಯಲ್ಲಿ ಆಗಲೇ ಓಡುತ್ತಿದ್ದ ಷೆವರ್ಲೆ, ಫೋರ್ಡ್‌ಗಳು ರಾತ್ರೋರಾತ್ರಿ ತಬ್ಬಲಿಗಳಾದವು. ಆಮದಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ವಿದೇಶಿ ವಿನಿಮಯ ಬೇಕು. ಒಂದು ಕೌಂಟರ್ ಶಾಫ್ಟ್ ಗೇರಿಗಾಗಿ ದೆಹಲಿಗೆ ಅರ್ಜಿ ಹಾಕುವವರು ಯಾರು? ಜನ ಗುಜರಿಗೆ ಹೋದರು. ಶಿವಾಜಿನಗರದ ಗುಜರಿ ಅಂಗಡಿಗಳು, ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ಬಿಡಿಭಾಗದ ಸಾಲುಗಳು ಲಾರಿ ಮಾಲೀಕರ ಪಾಲಿಗೆ ತೀರ್ಥಕ್ಷೇತ್ರಗಳಾದವು. ಒಂದು ಸತ್ತ ಗಾಡಿ ಮೂರು ಜೀವಂತ ಗಾಡಿಗಳಿಗೆ ಅಂಗಾಂಗ ದಾನ ಮಾಡುತ್ತಿತ್ತು. ಗುಜರಿಯಲ್ಲೂ ಸಿಗದಿದ್ದರೆ ಉಳಿದದ್ದು ಒಂದೇ ದಾರಿ, ಹೊಸದಾಗಿ ಮಾಡಿಸುವುದು.

ಬಾರದೆ ಹೋದ ಕಾರ್ಖಾನೆ

ಇಲ್ಲಿ ಒಂದು ವಿಷಯ ನೆನಪಿಸಿಕೊಳ್ಳಬೇಕು. ಎಲ್ಲವೂ ಅಂದುಕೊಂಡಂತೆ ಆಗಿದ್ದರೆ ಭಾರತದ ಮೊದಲ ಲಾರಿ ಕಾರ್ಖಾನೆ ಬೆಂಗಳೂರಿನಲ್ಲೇ ಇರುತ್ತಿತ್ತು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕ ಸುತ್ತಿ ಬಂದು ಮೋಟಾರು ವಾಹನ ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ಅವರೊಂದಿಗೆ ಕೈಜೋಡಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವೂ ಆಯಿತು. ಮೈಸೂರು ಸಂಸ್ಥಾನಕ್ಕೂ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಈ ಯೋಜನೆಯಲ್ಲಿ ಆಸಕ್ತಿಯಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ಸಿಗಲಿಲ್ಲ.

ವಾಲ್‌ಚಂದ್ ಬೆಂಗಳೂರಿಗೆ ತಂದದ್ದು ಬೇರೊಂದು ಕಾರ್ಖಾನೆಯನ್ನು. 1940ರ ಡಿಸೆಂಬರ್ 23ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಮೈಸೂರು ಸರ್ಕಾರ ಜಮೀನು ಕೊಟ್ಟಿದ್ದಲ್ಲದೆ 25 ಲಕ್ಷ ರೂಪಾಯಿ ಷೇರು ಹಣವನ್ನೂ ಹಾಕಿತು. ಮೋಟಾರು ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ಕುರ್ಲಾದ ಆ ಕಾರ್ಖಾನೆಯಿಂದ ಹೊರಬಂದವೇ ನಮ್ಮ ಹಿರಿಯರು ಚೆನ್ನಾಗಿ ಬಲ್ಲ ಡಾಜ್ ಮತ್ತು ಫಾರ್ಗೊ ಲಾರಿಗಳು. ಎರಡೂ ಒಂದೇ ತಾಯಿಯ ಮಕ್ಕಳು, ಹಣೆಪಟ್ಟಿ ಮಾತ್ರ ಬೇರೆ. ‘ಎಂ.ವೈ.’ ಅಕ್ಷರಗಳ ನಂಬರ್ ಫಲಕ ಹೊತ್ತು ಮೈಸೂರು ರಾಜ್ಯದ ಮಂಡಿಗಳಿಗೆ ಅವು ದವಸ ಹೊತ್ತವು. ಮುಂದೆ ಟಾಟಾ, ಲೇಲ್ಯಾಂಡ್‌ಗಳ ಎದುರು ಸೋತು ಅವೂ ತಬ್ಬಲಿಗಳ ಸಾಲಿಗೆ ಸೇರಿದವು.

ಲಾರಿ ಕಾರ್ಖಾನೆ ತಪ್ಪಿದ ಬೆಂಗಳೂರಿಗೆ ಮಾತ್ರ ಲೋಹ ಕೊರೆಯುವ ವಿದ್ಯೆ ದಕ್ಕಿತು. ವಿಮಾನ ಕಾರ್ಖಾನೆ ಯುದ್ಧಾನಂತರ ಕೆಲಸ ಕಡಿಮೆಯಾದಾಗ ರೈಲು ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. 1951ರಲ್ಲಿ ಬಂದ ಮೈಕೊ ಡೀಸೆಲ್ ಪಂಪುಗಳ ತಯಾರಿಕೆಗೆ ಇಳಿಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. ಬೇರೆ ಯಂತ್ರಗಳನ್ನು ಹೆರುವ ಯಂತ್ರಗಳನ್ನು ಅದು ಮಾಡಿತು. 1960ರ ದಶಕದಲ್ಲಿ ಜೆಕೊಸ್ಲೊವಾಕಿಯದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂತು. ಈ ಕಾರ್ಖಾನೆಗಳಲ್ಲಿ ಪಳಗಿದ ಟರ್ನರ್, ಫಿಟ್ಟರ್, ಟೂಲ್ ಮೇಕರ್‌ಗಳಲ್ಲಿ ಹಲವರು ತಮ್ಮದೇ ಆದ ಒಂದು ಲೇತು, ಒಂದು ಶೆಡ್ಡು ಎಂದು ಹೊರಬಂದರು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದು ಇಂಥವರಿಂದಲೂ ಹೌದು. ದೊಡ್ಡ ಕಾರ್ಖಾನೆಗಳ ‘ಜಾಬ್ ವರ್ಕ್’ ಅವರ ಅನ್ನ. ನಡುನಡುವೆ ಯಾರೋ ಗೋಣಿಚೀಲದಲ್ಲಿ ಸುತ್ತಿ ತರುವ ಮುರಿದ ಗೇರು ಅವರ ಪಾಲಿನ ಪರೀಕ್ಷೆ.

ಪರೀಕ್ಷೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಕಾರ್ಖಾನೆಯಲ್ಲಿ ಗೇರ್ ಮಾಡುವವನ ಮುಂದೆ ನಕ್ಷೆ ಇರುತ್ತದೆ. ಇಲ್ಲಿ ನಕ್ಷೆಯಿಲ್ಲ, ಸವೆದು ಮುರಿದ ತುಂಡು ಮಾತ್ರ ಇದೆ. ಅದರಿಂದ ಮೂಲ ರೂಪವನ್ನು ಊಹಿಸಬೇಕು.

ಮೊದಲು ಹಲ್ಲು ಎಣಿಸುತ್ತಾರೆ. 20 ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ 2 ಕೂಡಿಸಿ, ಬಂದ 22ನ್ನು ಗೇರಿನ ಹೊರ ವ್ಯಾಸದಿಂದ ಭಾಗಿಸುತ್ತಾರೆ. ವ್ಯಾಸ 4.4 ಇಂಚು ಇದ್ದರೆ ಉತ್ತರ 5. ಅಂದರೆ ಇದು ‘5 ಡಿ.ಪಿ.’ ಗೇರು. ಅಮೆರಿಕ, ಇಂಗ್ಲೆಂಡಿನವರ ಲೆಕ್ಕ ಹೀಗೆ ಇಂಚಿನಲ್ಲಿ. ಜರ್ಮನಿಯ ಲೆಕ್ಕ ಮಿಲಿಮೀಟರಿನಲ್ಲಿ. ಅದಕ್ಕೆ ‘ಮಾಡ್ಯೂಲ್’ ಎನ್ನುತ್ತಾರೆ. 1956ರ ಕಾನೂನಿನ ನಂತರ ಭಾರತ ಮೆಟ್ರಿಕ್ ಅಳತೆಗೆ ಹೊರಳಿದ್ದರಿಂದ ಇಲ್ಲಿ ಸುಲಭವಾಗಿ ಸಿಗುವುದು ಮಾಡ್ಯೂಲ್ ಅಳತೆಯ ಕಟರುಗಳು. 5 ಡಿ.ಪಿ. ಎಂದರೆ 5.08 ಮಾಡ್ಯೂಲ್. ‘5 ಮಾಡ್ಯೂಲ್ ಕಟರ್ ಇದೆಯಲ್ಲ, ಎಂಟು ನೂರಾಂಶ ಎಷ್ಟರ ಮಹಾ’ ಎಂದು ಆಸೆಯಾಗುತ್ತದೆ. ಆದರೆ 20 ಹಲ್ಲಿನ ಒಂದು ಗೇರು, 30 ಹಲ್ಲಿನ ಇನ್ನೊಂದು ಗೇರು ಕೂಡುವಾಗ ಎರಡರ ನಡುಬಿಂದುಗಳ ಅಂತರ ಇಂಚಿನ ಲೆಕ್ಕದಲ್ಲಿ 127 ಮಿಲಿಮೀಟರ್, ಮಾಡ್ಯೂಲ್ ಲೆಕ್ಕದಲ್ಲಿ 125. ಗೇರ್ ಬಾಕ್ಸಿನ ಎರಕದ ಪೆಟ್ಟಿಗೆಯಲ್ಲಿ ಶಾಫ್ಟಿನ ತೂತುಗಳು ಇಂಚಿನ ಲೆಕ್ಕಕ್ಕೇ ಕೊರೆದಿರುವುದರಿಂದ ಹೊಸ ಹಲ್ಲುಗಳು ಒಂದನ್ನೊಂದು ಸರಿಯಾಗಿ ಕಚ್ಚುವುದಿಲ್ಲ. ಕಾಗದದ ಮೇಲೆ ಎಂಟು ನೂರಾಂಶ, ಪೆಟ್ಟಿಗೆಯೊಳಗೆ ಎರಡು ಮಿಲಿಮೀಟರ್!

ಇಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಗೇರುಗಳಲ್ಲಿ ಹಲ್ಲಿನ ಬದಿಯ ಓರೆ ಹದಿನಾಲ್ಕೂವರೆ ಡಿಗ್ರಿ ಇರಬಹುದು, ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 20 ಡಿಗ್ರಿ. ಕೆಲವು ಗೇರ್ ಬಾಕ್ಸುಗಳಲ್ಲಿ ಬಲ ಬರಲೆಂದು ಹಲ್ಲನ್ನು ಕುಳ್ಳಗೆ ಕೊರೆದಿರುತ್ತಾರೆ. ಅಂಥಲ್ಲಿ ಮೇಲಿನ ‘2 ಕೂಡಿಸುವ’ ಲೆಕ್ಕವೇ ದಾರಿ ತಪ್ಪಿಸುತ್ತದೆ. ಹಲ್ಲುಗಳು ಓರೆಯಾಗಿ ಸುತ್ತಿಕೊಂಡಿದ್ದರೆ ಆ ಓರೆಯ ಕೋನವನ್ನೂ ಹಿಡಿಯಬೇಕು. ಅದಕ್ಕೊಂದು ಹಳೆಯ ಉಪಾಯವಿದೆ. ಗೇರಿನ ಅಂಚಿಗೆ ಶಾಯಿ ಬಳಿದು ಬಿಳಿ ಹಾಳೆಯ ಮೇಲೆ ಉರುಳಿಸಿದರೆ ಹಲ್ಲಿನ ತುದಿಗಳು ಓರೆ ಗೆರೆಗಳಾಗಿ ಮೂಡುತ್ತವೆ. ಆ ಗೆರೆಗಳ ಮೇಲೆ ಕೋನಮಾಪಕ ಇಟ್ಟು ಅಳೆದರೆ ಅಂದಾಜು ಸಿಕ್ಕಿತು. ಇದರಿಂದ ಸಿಗುವುದು ತುದಿಯ ಕೋನ. ಹಲ್ಲಿನ ನಡುವಿನ ಕೋನವನ್ನು ಮತ್ತೆ ಲೆಕ್ಕ ಹಾಕಿ ತೆಗೆಯಬೇಕು. ಕಂಪ್ಯೂಟರ್ ಜೋಡಿಸಿದ ಅಳತೆಯ ಯಂತ್ರಗಳು ಇಂದು ಇದನ್ನೆಲ್ಲ ಮಾಡುತ್ತವೆ, ನಿಜ. ಆದರೆ ಸವೆದ ಹಲ್ಲನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಸಿಗುವುದು ಸವೆದ ಅಳತೆಯೇ. ಹೊಸದಾಗಿದ್ದಾಗ ಅದು ಹೇಗಿತ್ತೆಂದು ಹೇಳಬೇಕಾದವನು ಮನುಷ್ಯ.

ಆಮೇಲೆ ಉಕ್ಕು. ಗೇರಿನ ಮೇಲ್ಮೈ ಗಾಜಿನಂತೆ ಗಡಸಾಗಿರಬೇಕು, ಇಲ್ಲದಿದ್ದರೆ ಸವೆಯುತ್ತದೆ. ಒಳಗೆ ಬಾಗುವ ಗುಣವಿರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಒಂದೇ ತುಂಡಿನಲ್ಲಿ ಎರಡು ಗುಣ ಬರಿಸುವ ವಿದ್ಯೆಗೆ ಕಾರ್ಬರೈಸಿಂಗ್ ಎಂದು ಹೆಸರು. ಇಂಗಾಲ ಕಡಿಮೆಯಿರುವ ಮಿಶ್ರಲೋಹದ ಉಕ್ಕಿನಲ್ಲಿ ಹಲ್ಲು ಕೊರೆದು, 900 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇಂಗಾಲದ ಸಹವಾಸದಲ್ಲಿಟ್ಟರೆ, ಸುಮಾರು ಒಂದು ಮಿಲಿಮೀಟರ್ ಆಳದವರೆಗೆ ಅದು ಇಂಗಾಲ ಹೀರಿಕೊಳ್ಳುತ್ತದೆ. ಎಣ್ಣೆಯಲ್ಲಿ ಅದ್ದಿದಾಗ ಆ ಹೊರಪದರ ಮಾತ್ರ ಕಲ್ಲಾಗುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಈ ಉಕ್ಕುಗಳನ್ನು ಇಂದಿಗೂ ‘ಇ.ಎನ್. 36’, ‘ಇ.ಎನ್. 353’ ಎಂದೇ ಕರೆಯುವುದು. ‘ಇ.ಎನ್.’ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ರೂಪಿಸಿದ ಪಟ್ಟಿಯ ಹೆಸರು. ಬ್ರಿಟನ್ನಿನವರೇ ಆ ಪಟ್ಟಿಯನ್ನು ಬದಲಿಸಿ ದಶಕಗಳಾದವು, ತುಮಕೂರು ರಸ್ತೆಯಲ್ಲಿ ಮಾತ್ರ ಅದು ಬದುಕಿದೆ.

ಪೀಣ್ಯದ ವಿಶೇಷ ಇರುವುದು ಈ ಕೆಲಸಗಳ ಹಂಚಿಕೆಯಲ್ಲಿ. ಒಂದು ಶೆಡ್ಡಿನಲ್ಲಿ ಉಕ್ಕಿನ ಕಂಬಿ ಕತ್ತರಿಸಿ ಲೇತಿನಲ್ಲಿ ಹೆರೆಯುತ್ತಾರೆ. ಮುಂದಿನ ಅಡ್ಡರಸ್ತೆಯಲ್ಲಿ ಹಾಬಿಂಗ್ ಯಂತ್ರ, ಹಲ್ಲು ಕೊರೆಯುವುದು ಅಲ್ಲಿ. ಒಳಗಿನ ಸ್ಪ್ಲೈನ್ ಗಾಡಿಗೆ ಇನ್ನೊಬ್ಬರ ಸ್ಲಾಟಿಂಗ್ ಯಂತ್ರ. ಕುಲುಮೆ ಮತ್ತೊಂದು ಹಂತದಲ್ಲಿ. ಬಿಸಿಗೆ ಸೊಟ್ಟಗಾದದ್ದನ್ನು ಅರೆದು ನೇರ ಮಾಡುವ ಗ್ರೈಂಡಿಂಗ್ ಮಗದೊಂದು ಕಡೆ. ಗೇರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕುಳಿತು ಬೀದಿ ಬೀದಿ ಸುತ್ತುತ್ತದೆ. ಬೀದಿಗಳ ಉದ್ದಕ್ಕೂ ಚದುರಿದ ಕಾರ್ಖಾನೆ ಎನ್ನಬಹುದು. ಒಂಟಿ ಗೇರಿಗಾಗಿ ಯಾರೂ ಕುಲುಮೆ ಹೊತ್ತಿಸುವುದಿಲ್ಲ. ಅದೇ ಜಾತಿಯ ಉಕ್ಕಿನ ಬೇರೆ ಯಾರದೋ ಮಾಲು ಬರುವ ತನಕ ಕಾದು, ಅದರ ಜೊತೆ ಒಳಗೆ ಹೋಗಬೇಕು. ಹಳೆಯ ಲಾರಿ ರಿಪೇರಿ ತಿಂಗಳುಗಟ್ಟಲೆ ಎಳೆಯುವುದಕ್ಕೆ ಮೇಸ್ತ್ರಿಯ ಸೋಮಾರಿತನವೇ ಯಾವಾಗಲೂ ಕಾರಣವಲ್ಲ.

ಇಷ್ಟೆಲ್ಲ ಬಲ್ಲ ಪೀಣ್ಯವೂ ತಡವರಿಸುವ ಜಾಗ ಒಂದಿದೆ, ಡಿಫ್ರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್. ಉದ್ದಕ್ಕೆ ಬರುವ ತಿರುಗಾಟವನ್ನು ಅಡ್ಡಕ್ಕೆ ಹೊರಳಿಸಿ ಗಾಲಿಗೆ ಕೊಡುವ ಜೋಡಿ ಇದು. ಪಿನಿಯನ್ನಿಗೆ 7 ಹಲ್ಲು, ಕ್ರೌನಿಗೆ 43 ಹಲ್ಲು ಇದ್ದರೆ ಪಿನಿಯನ್ ಆರು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಗಾಲಿ ಒಂದು ಸುತ್ತು. ಇಂಥ ವಿಚಿತ್ರ ಸಂಖ್ಯೆಗಳು ಏಕೆಂದರೆ, ಸಾಮಾನ್ಯ ಅಪವರ್ತನ ಇಲ್ಲದಿರುವಾಗ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಮುಟ್ಟಿ ಸವೆತ ಸಮನಾಗುತ್ತದೆ. ಆ ಹಲ್ಲುಗಳು ನೇರವೂ ಅಲ್ಲ, ಬಿಲ್ಲಿನಂತೆ ಬಾಗಿದವು. ಶಂಕುವಿನ ಮೇಲೆ ಬಾಗಿದ ಹಲ್ಲು ಕೊರೆಯಲು ವಿಶೇಷ ಯಂತ್ರವೇ ಬೇಕು. ಅಮೆರಿಕದ ರಾಚೆಸ್ಟರ್ ಊರಿನ ಗ್ಲೀಸನ್ ಕಂಪನಿ 1913ರಲ್ಲಿ ಅಂಥ ಯಂತ್ರ ತಂದಿತು. ಆಮೇಲೆ ಜಗತ್ತಿನ ಎಷ್ಟೋ ಲಾರಿಗಳ ಹಿಂದಿನ ಆಕ್ಸೆಲ್‌ಗಳು ಅದರ ಋಣದಲ್ಲಿವೆ. ಅದೇ ಕಂಪನಿಯ ಭಾರತದ ಘಟಕ ಇರುವುದು ನಮ್ಮ ವೈಟ್‌ಫೀಲ್ಡ್ ರಸ್ತೆಯ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ. ಆದರೆ ಇಂಥ ಯಂತ್ರಗಳು ಹೊಟ್ಟೆ ತುಂಬಿಸಿಕೊಳ್ಳುವುದು ಸಾವಿರಗಟ್ಟಲೆ ಜೋಡಿಗಳಿಂದ. ಒಂದೇ ಜೋಡಿಗಾಗಿ ಕಟರು ಹೊಂದಿಸಿದರೆ ಲಾರಿಯ ಬೆಲೆಯನ್ನು ಗೇರೇ ನುಂಗೀತು. ಈಚೆಗೆ ಐದು ಅಕ್ಷಗಳ ಸಿ.ಎನ್.ಸಿ. ಯಂತ್ರದಲ್ಲಿ ಹಲ್ಲನ್ನು ಶಿಲ್ಪದಂತೆ ಒಂದೊಂದಾಗಿ ಕಡೆಯಬಹುದು. ಅದೂ ಅಗ್ಗವಲ್ಲ.

ಹಾಗಾಗಿ ಇಲ್ಲಿ ಗುಜರಿಯೇ ಗತಿ. ಸಿಕ್ಕ ಕ್ರೌನು ಸಿಕ್ಕ ಪಿನಿಯನ್ನಿಗೆ ಜೋಡಿಯಾಗುವುದೂ ಇಲ್ಲ. ಕಾರ್ಖಾನೆಯಲ್ಲೇ ಎರಡನ್ನೂ ಉಜ್ಜಿ ಕೂಡಿಸಿ ಒಂದೇ ನಂಬರ್ ಹೊಡೆದಿರುತ್ತಾರೆ, ಗಂಡಹೆಂಡಿರಂತೆ ಒಟ್ಟಿಗೇ ಬರಬೇಕು. ಸಿಕ್ಕಿದ ಮೇಲೂ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಒತ್ತು ಬಿದ್ದ ಗುರುತು ಹಲ್ಲಿನ ನಡುವೆ ಬಂತೇ ಅಂಚಿಗೆ ಹೋಯಿತೇ ಎಂದು ನೋಡಿ, ತೆಳುವಾದ ಶಿಮ್ ತಗಡುಗಳನ್ನು ಒಂದೊಂದಾಗಿ ತೆಗೆದು ಹಾಕುತ್ತ ಕೂರಿಸಬೇಕು. ಗಡಿಬಿಡಿ ಮಾಡಿದರೆ ಮೊದಲ ಘಾಟಿಯಲ್ಲೇ ಮತ್ತೆ ‘ಕಟ್’. ಬೇಸತ್ತವರು ಹಿಂದಿನ ಆಕ್ಸೆಲ್ ಪೂರ್ತಿ ತೆಗೆದು ಟಾಟಾದ್ದನ್ನು ಕೂಡಿಸಿಬಿಡುತ್ತಾರೆ. ದುಡಿಯುವ ಗಾಡಿಗೆ ಅದು ತಪ್ಪಲ್ಲವೆಂದೇ ನನಗೆ ತೋರುತ್ತದೆ.

ದುಡಿಯುವ ಗಾಡಿ ಎಂಬ ಮಾತೇ ಈಗ ಸಂಕಟಕ್ಕೆ ಬಂದಿದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಲಾರಿಗಳ ಅರ್ಹತಾ ಪತ್ರದ ಶುಲ್ಕ ಹಲವು ಪಟ್ಟು ಏರಿತು. ಹಳೆಯ ಗಾಡಿಗಳ ಹೊಗೆ, ಬ್ರೇಕುಗಳ ಸ್ಥಿತಿ ನೋಡಿದರೆ ಸರ್ಕಾರದ ಆತಂಕ ಅಕಾರಣವೆನ್ನಲಾಗದು. 2021ರ ಜುಲೈಯಲ್ಲಿ ಬಂದ ಇನ್ನೊಂದು ನಿಯಮ 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ಗೌರವಿಸುತ್ತದೆ, ಆದರೆ ವಾಣಿಜ್ಯ ಬಳಕೆಗೆ ಬಿಡುವುದಿಲ್ಲ. ಜಮೀನ್ದಾರರ ಮನೆಯ ಶೆಡ್ಡಿನಲ್ಲಿ ಮಲಗಿದ್ದ ಕಾರಿಗೆ ಈ ನಿಯಮ ಚೆನ್ನಾಗಿ ಒಪ್ಪುತ್ತದೆ. ಪರ್ಕಿನ್ಸ್ ಎಂಜಿನ್, ಪೀಣ್ಯದ ಗೇರು, ಟಾಟಾದ ಆಕ್ಸೆಲ್ ತೊಟ್ಟು ಎರಡು ತಲೆಮಾರಿನ ಸಂಸಾರ ಸಾಕಿದ ಷೆವರ್ಲೆಯ ಮೂಲ ಸ್ವರೂಪ ಯಾವುದು? ಬದುಕಿ ಉಳಿಯಲು ಅದು ಮಾಡಿಕೊಂಡ ಬದಲಾವಣೆಗಳೇ ಅದರ ಇತಿಹಾಸವಲ್ಲವೇ? ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿದ್ದಾರೆ. ಲಾರಿಗಳಿಗೆ ಅಂಥ ಭಾಗ್ಯ ಅಪರೂಪ. ಮದುವೆ ಮೆರವಣಿಗೆಗೆ ಲಾರಿಯನ್ನು ಕರೆಯುವವರಿಲ್ಲ.

ಪೀಣ್ಯವೂ ಬದಲಾಗಿದೆ. 2014ರಲ್ಲಿ ಅಲ್ಲಿಗೆ ಮೆಟ್ರೊ ಬಂತು. ಸಿ.ಎನ್.ಸಿ. ಯಂತ್ರ ಕೊಂಡವನಿಗೆ ಬ್ಯಾಂಕಿನ ಕಂತು ಕಟ್ಟಬೇಕು. ಸಾವಿರ ತುಂಡಿನ ಆರ್ಡರ್ ಬಿಟ್ಟು ಒಂದು ತುಂಡಿನ ಹಿಂದೆ ಬಿದ್ದರೆ ಅವನಿಗೆ ಪೂರೈಸದು. ಕೈಯಿಂದ ಹಿಡಿಕೆ ತಿರುಗಿಸುವ ಹಳೆಯ ಎಚ್.ಎಂ.ಟಿ. ಲೇತು ಉಳಿಸಿಕೊಂಡವರೇ ಇಂಥ ಕೆಲಸಕ್ಕೆ ಇನ್ನೂ ‘ಹೂಂ’ ಎನ್ನುವುದು. ಹಾಗೆ ಒಪ್ಪುವ ಶೆಡ್ಡುಗಳಲ್ಲಿ, ಹೊಸ ಗೇರು ಗಾಡಿಗೆ ಸೇರಿದ ಮೇಲೂ ಮುರಿದ ಹಳೆಯದನ್ನು ಎಸೆಯುವುದಿಲ್ಲ. ಹಲ್ಲಿನ ಲೆಕ್ಕ, ಡಿ.ಪಿ., ಗಾಡಿಯ ಹೆಸರನ್ನು ಅದರ ಮೈಮೇಲೆಯೇ ಬಣ್ಣದಲ್ಲಿ ಬರೆದು ತಂತಿಗೆ ಪೋಣಿಸಿ ಗೋಡೆಗೆ ನೇತುಹಾಕುತ್ತಾರೆ, ಇನ್ನೊಂದು ಡಾಜ್ ಬಂದರೆ ಮಾದರಿಗೆ ಬೇಕಾದೀತೆಂದು. ಶೆಡ್ಡು ಮಾರಾಟವಾದ ದಿನ ಆ ತಂತಿಯ ಸರವೂ ತಕ್ಕಡಿಗೆ ಏರುತ್ತದೆ, ಕಿಲೋ ಲೆಕ್ಕದಲ್ಲಿ.